ಬ್ರೆಮೆನ್ನಿನ ಮೂಗುಗಳೂ ಹೊನ್ನವಳ್ಳಿ ರಸ್ತೆಯ ಇದ್ದಿಲೂ

ತಿಪಟೂರು: ಅಟ್ಟ ಖಾಲಿಯಾದದ್ದು

ಈ ಪ್ರವಾಸಕ್ಕೆ ನನಗೆ ತಗುಲಿದ ಖರ್ಚು ಒಂದು ಅಟ್ಟ ಕಾಯಿ. ರೂಪಾಯಿಯಲ್ಲಿ ಹೇಳಿದರೆ ನೀವು ಮರೆತುಬಿಡುತ್ತೀರಿ, ಅಟ್ಟದಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಹೊಟ್ಟೆಗೆ ತಟ್ಟುತ್ತದೆ. ನಮ್ಮಲ್ಲಿ ಕೆಡವಿದ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ನಾನು ಗಡಗಡ ಎನ್ನುವವರೆಗೆ ಕಾಯಲಿಲ್ಲ. ಇನ್ನೂ ನೀರು ತುಳುಕುತ್ತಿದ್ದ ಕಾಯನ್ನೇ ಇಳಿಸಿ ಮಾರಿಬಿಟ್ಟೆ. ಚೌಕಾಸಿಯಲ್ಲಿ ಕೊಂಡವನ ಬೆವರಿಳಿಸಿದೆ, ನಿಜ. ಆದರೆ ಅವಸರವಿದ್ದದ್ದು ನನಗೆ, ಅದು ಅವನಿಗೆ ಗೊತ್ತಿತ್ತು.

ಯಾಕೆ ಇಷ್ಟು ಅವಸರ ಎಂದರೆ, ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿರುವ ಜನರ ಉಸಿರಿಗೆ ನನ್ನ ಇದ್ದಿಲು ಹಾಕಿಸಬೇಕಾಗಿತ್ತು.

ನಗಬೇಡಿ. ಕೊಬ್ಬರಿ ಒಡೆಯುವ ಕಡೆ ಚಿಪ್ಪು ಗುಡ್ಡೆ ಬಿದ್ದಿರುತ್ತದಲ್ಲ, ಮದುವೆಯಾದ ಹೊಸದರಲ್ಲಿ ಅದನ್ನು ಚೀಲಕ್ಕೆ ತುಂಬಿ ಬಚ್ಚಲೊಲೆಗೆಂದು ಮನೆಮನೆಗೆ ಹೊತ್ತು ಮಾರಿದವಳು ನಾನು. ಆಮೇಲೆ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿದೆ. ಅದಕ್ಕೂ ಆಮೇಲೆ ಅದೇ ಇದ್ದಿಲನ್ನು ಕಾದ ಆವಿಯಲ್ಲಿ ಹದ ಮಾಡಿ, ಅದರ ಮೈತುಂಬ ಕಣ್ಣಿಗೆ ಕಾಣದ ತೂತು ಬೀಳಿಸುವುದನ್ನು ಕಲಿತೆ. ಈ ಸೋಸುವ ಇದ್ದಿಲು ಕೆಟ್ಟ ಗಾಳಿಯನ್ನೂ ಕೆಟ್ಟ ವಾಸನೆಯನ್ನೂ ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹೊನ್ನವಳ್ಳಿ ರಸ್ತೆಯಲ್ಲಿ ನಮ್ಮ ಘಟಕವಿದೆ. ಅಲ್ಲಿ ಎರಡು ಕುಲುಮೆ. ಒಂದು ಉರಿಯುತ್ತಿತ್ತು. ಇನ್ನೊಂದನ್ನು ದೊಡ್ಡ ಆರ್ಡರ್ ಬಂದೇ ಬರುತ್ತದೆ ಎಂಬ ಧೈರ್ಯದ ಮೇಲೆ ಕಟ್ಟಿಸಿದ್ದೆ. ಆರ್ಡರ್ ಬರಲಿಲ್ಲ, ಅದರೊಳಗೆ ಬೆಕ್ಕು ಮರಿ ಹಾಕಿತು. ಜರಡಿ ಹಿಡಿಯಲು ಬರುವ ಹೆಂಗಸರು ದಿನಾ ಬೆಳಿಗ್ಗೆ, “ಗಿರಿಜಕ್ಕಾ, ಬೆಕ್ಕಿನ್ ಒಲೆ ಯಾವಾಗ ಹಚ್ಚೀಯ?” ಎಂದು ನಗುತ್ತಿದ್ದರು. ನಗೆ ಅವರದು, ಸಂಕಟ ನನ್ನದು. ಮಳೆಗಾಲ ಬಂದರೆ ಅವರಲ್ಲಿ ಅರ್ಧ ಜನಕ್ಕೆ ಕೆಲಸವಿಲ್ಲ ಎನ್ನಬೇಕಾದವಳು ನಾನೇ ತಾನೆ?

ಅಷ್ಟರಲ್ಲಿ ಜರ್ಮನಿಯ ಬ್ರೆಮೆನ್ ಊರಿನ ಒಂದು ಕಂಪನಿಯಿಂದ ಮೇಲ್ ಬಂತು. ಅವರು ಮನುಷ್ಯರು ಹೋಗುವ ವ್ಯೋಮನೌಕೆಗಳಿಗೆ ಗಾಳಿ ಸೋಸುವ ಫಿಲ್ಟರ್ ಮಾಡುವವರು. ಮಾದರಿ ಇದ್ದಿಲನ್ನು ಕೊರಿಯರ್‌ನಲ್ಲಿ ಕಳಿಸಿ ಎಂದಿದ್ದರು. ನಾನೇ ತರುತ್ತೇನೆ ಎಂದು ಬರೆದೆ. ಕೊರಿಯರ್‌ನಲ್ಲಿ ಹೋದ ಮಾಲಿಗೆ ಬಾಯಿ ಇರುವುದಿಲ್ಲ.

ಜೊತೆಗೆ ಹೊರಟವನು ನನ್ನ ತಮ್ಮ ಸಿದ್ದೇಶ. ಕುಲುಮೆಯ ಹದ ಅವನ ಕೈಯಲ್ಲಿದೆ. ಹಿಂದೆ ಮರ ಹತ್ತುವವನಾಗಿದ್ದ. ಕಂದಿಕೆರೆಯಲ್ಲಿ ಒಂದು ಮುದಿ ಮರ ಮನೆಯ ಮೇಲೆ ವಾಲಿತ್ತು. ಅದರ ತಲೆ ಕಡಿಯಲು ಹತ್ತಿ ಅಲ್ಲಿಂದ ಬಿದ್ದ. ಎಡಗಾಲು ಇಂದಿಗೂ ಸರಿಯಾಗಿ ಮಡಚುವುದಿಲ್ಲ. ಅಂದಿನಿಂದ ಅವನು ಮಿಷನ್ ಪಕ್ಷ, ಅಂದರೆ ಯಂತ್ರದ ಪಕ್ಷ. ಮರ ಹತ್ತುವುದೋ, ಚಂದ್ರನಿಗೆ ಹೋಗುವುದೋ, ಯಾವುದಕ್ಕೂ ಮನುಷ್ಯ ಹೋಗಬಾರದು ಎನ್ನುವವನು.

“ಲೇ, ಮನುಷ್ಯ ಹೋದ್ರೇನೇ ಕಣ್ಲಾ ನಮ್ಮ ಇದ್ದಿಲು ಖರ್ಚಾಗೋದು. ರೋಬೋಟು ಉಸಿರಾಡ್ತದಾ?” ಎಂದೆ.

“ವ್ಯಾಪಾರ ಬ್ಯಾರೆ, ನ್ಯಾಯ ಬ್ಯಾರೆ ಕಣಕ್ಕ,” ಎಂದ.

ಇಂಥವನನ್ನು ಕಟ್ಟಿಕೊಂಡು ನಾನು ವ್ಯಾಪಾರಕ್ಕೆ ಹೊರಟೆ.

ಬೆಂಗಳೂರು ವಿಮಾನ ನಿಲ್ದಾಣ: ಕೊಬ್ಬರಿಗೆ ತಡೆ

ಬರಿಗೈಯಲ್ಲಿ ಯಾರ ಮನೆಗೂ ಹೋಗದ ಜನ ನಾವು. ಹಿಂದಿನ ವರ್ಷದ್ದರಲ್ಲಿ ಮನೆಗೆಂದು ಉಳಿಸಿದ್ದ ಒಳ್ಳೆಯ ಉಂಡೆ ಕೊಬ್ಬರಿ ಆರಿಸಿ ಒಂದು ಚೀಲ ತುಂಬಿದ್ದೆ. ಪೆಟ್ಟಿಗೆ ತೂಗಿದರೆ ಭಾರ ಮಿತಿಗಿಂತ ಹೆಚ್ಚು. ಇದ್ದಿಲು ತುಂಬಿದ್ದ ತವರದ ಡಬ್ಬಿ ದಂಡದ ಭಾರ ಅನ್ನಿಸಿತು. ಇದ್ದಿಲನ್ನು ಬಟ್ಟೆಯ ಚೀಲಕ್ಕೆ ಸುರಿದು, ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಬಟ್ಟೆಚೀಲವನ್ನು ಕೊಬ್ಬರಿಯ ನಡುವೆ ಮೆತ್ತಗೆ ಹುದುಗಿಸಿದೆ. ಜಾಗವೂ ಉಳಿಯಿತು, ತೂಕವೂ ಇಳಿಯಿತು. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ಕರಿ ಇದ್ದಿಲು ನೋಡಿ ಹೌಹಾರುತ್ತಾರೆಂದು ಅದಕ್ಕೆ ಬೇಕಾದ ಕಾಗದವನ್ನೆಲ್ಲ ಕೈಯಲ್ಲೇ ಹಿಡಿದಿದ್ದೆ. ಅಧಿಕಾರಿ ಅದನ್ನು ಓದಿ ಪಕ್ಕಕ್ಕಿಟ್ಟು, ಕೊಬ್ಬರಿಯ ಮೇಲೆ ಬೆರಳಿಟ್ಟರು.

“ಇದು ಹೋಗಲ್ಲಮ್ಮ. ಒಣ ಕೊಬ್ಬರಿ ಲಗೇಜಲ್ಲಿ ಹಾಕೋ ಹಾಗಿಲ್ಲ, ಎಣ್ಣೆ ಪದಾರ್ಥ, ಬೆಂಕಿ ಹತ್ಕೊಳ್ಳುತ್ತೆ.”

“ಸ್ವಾಮಿ, ನಮ್ಮೂರಲ್ಲಿ ಅಟ್ಟದ್ ತುಂಬ ಇದನ್ನಿಟ್ಕಂಡು ಕೆಳಗೆ ಒಲೆ ಹಚ್ಚಿ ಅಡುಗೆ ಮಾಡ್ತೀವಿ.”

“ಅಟ್ಟ ಹಾರಲ್ಲವಲ್ಲಮ್ಮ.”

ಬೆಂಕಿಯಲ್ಲೇ ಹುಟ್ಟಿದ ಇದ್ದಿಲು ವಿಮಾನ ಹತ್ತಿತು, ಕೊಬ್ಬರಿ ಕೆಳಗುಳಿಯಿತು. ಸಿದ್ದೇಶ ಒಂದು ಉಂಡೆ ಒಡೆದು ಅಲ್ಲೇ ಜಗಿಯುತ್ತ, “ಒಳಗಡೆ ಹಾಕ್ಕಂಡಿರೋದನ್ನ ಕೇಳಲ್ಲ ಬುಡು,” ಎಂದ.

ಬ್ರೆಮೆನ್: ಖಾಲಿ ರಸ್ತೆಯ ಕೆಂಪು ದೀಪ

ಬ್ರೆಮೆನ್ನಿನಲ್ಲಿ ಗಾಳಿಗೆ ಕಾಫಿಬೀಜ ಹುರಿಯುವ ವಾಸನೆ ಇರುತ್ತದೆ. ಹಳೆಯ ಬಂದರು, ತುಂತುರು ಮಳೆ, ಸದ್ದಿಲ್ಲದ ಟ್ರಾಮು. ನೀರು ಕೇಳಿದರೆ ಸೋಡಾ ಕೊಡುತ್ತಾರೆ; ‘ಗ್ಯಾಸ್ ಬೇಡ’ ಎಂದು ಮೊದಲೇ ಹೇಳಬೇಕು. ಬೆಳಗಿನ ತಿಂಡಿ ತಣ್ಣಗಿನ ಬ್ರೆಡ್ಡು. ಚಟ್ನಿಪುಡಿ ಒಯ್ದಿದ್ದರಿಂದ ಬದುಕಿದೆವು.

ಆದರೆ ನನ್ನನ್ನು ಬೆರಗುಗೊಳಿಸಿದ್ದು ರಸ್ತೆ ದಾಟುವ ರೀತಿ. ಆ ಕಡೆ ಈ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ನಡೆಯುವವರ ಕೆಂಪು ದೀಪಕ್ಕೆ ಜನ ಮಳೆಯಲ್ಲಿ ನಿಂತಿದ್ದಾರೆ. ನಾನು ಕಾಲಿಟ್ಟೆ. ಹಿಂದಿದ್ದ ಅಜ್ಜಿಯೊಬ್ಬರು ಕೊಡೆಯ ತುದಿಯಿಂದ ನನ್ನ ಸೆರಗು ಹಿಡಿದು ಎಳೆದರು. ನಮ್ಮ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಹಾಗೆ ನಿಂತರೆ ಸಂಜೆವರೆಗೂ ನಿಂತಿರಬೇಕಾದೀತು. ಇವರ ಜೊತೆ ಚೌಕಾಸಿ ಕಷ್ಟ ಎಂದು ನನಗೆ ಆಗಲೇ ಅನುಮಾನ ಬಂತು. ಖಾಲಿ ರಸ್ತೆಯಲ್ಲೂ ನಿಯಮ ಬಿಡದವರು ನನಗೆ ಏನು ಬಿಟ್ಟಾರು?

ಕಂಪನಿಯಲ್ಲಿ ನಮ್ಮನ್ನು ಎದುರುಗೊಂಡವರು ಉಲ್ರಿಕೆ. ನರೆತ ಜುಟ್ಟಿನ ಹಿರಿಯ ಎಂಜಿನಿಯರ್, ಫಿಲ್ಟರ್ ವಿಭಾಗದ ಯಜಮಾನಿ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರವಲು ತಂದವೇ ಆದ್ದರಿಂದ ಬೇಗ ಹೊಂದಿಕೊಂಡವು. ಜೊತೆಗೆ ಯೋನಾಸ್ ಎಂಬ ಗಡ್ಡದ ಯುವಕ. ಪರೀಕ್ಷೆಯ ಯಂತ್ರಗಳು ಅವನ ಸುಪರ್ದಿನಲ್ಲಿದ್ದವು.

ಮೊದಲು ನೌಕೆಯ ಕೋಣೆಯ ಪಡಿಯಚ್ಚೊಂದನ್ನು ತೋರಿಸಿದರು. ಒಳಗೆ ಹೋದರೆ ನಮ್ಮ ಖಾಸಗಿ ಬಸ್ಸಿನಷ್ಟು ಉದ್ದ, ಬಸ್ಸಿನಷ್ಟೇ ಇಕ್ಕಟ್ಟು. ಮೇಲೆ ಸುತ್ತುತ್ತಿರುವ ಬಾಹ್ಯಾಕಾಶ ನಿಲ್ದಾಣಕ್ಕೆ ವಯಸ್ಸಾಗಿದೆ ಎಂದರು ಉಲ್ರಿಕೆ. ಅಲ್ಲಲ್ಲಿ ಸಣ್ಣ ಬಿರುಕು, ಅಲ್ಲಲ್ಲಿ ಸೋರಿಕೆ. ಕಿಟಕಿ ತೆಗೆಯುವ ಹಾಗಿಲ್ಲ. ಬೆವರು, ರಬ್ಬರು, ಅಂಟು, ಊಟ, ಎಲ್ಲದರ ಗಾಳಿ ಒಳಗೇ ಸುತ್ತುತ್ತದೆ. ಕೆಲವು ವರ್ಷಗಳಲ್ಲಿ ಅದನ್ನು ಸಾಗರಕ್ಕೆ ಕೆಡವುತ್ತಾರಂತೆ. ಅಲ್ಲಿಯವರೆಗಿನ ಫಿಲ್ಟರಿಗೆ ಇದ್ದಿಲು ಯಾರದು ಎಂಬುದೇ ಈ ಪರೀಕ್ಷೆ.

“ನನ್ನನ್ನು ಕೇಳಿದರೆ ಇನ್ನು ಮುಂದೆ ಯಾರೂ ಮೇಲೆ ಹೋಗಬಾರದು,” ಎಂದ ಯೋನಾಸ್. ಅವನ ಮೇಜಿನ ಮೇಲೆ ಒಂದು ಹಳೆಯ ಯಂತ್ರನೌಕೆಯ ಚಿತ್ರವಿತ್ತು. ಅವನು ಹುಟ್ಟುವ ಮೊದಲೇ ಹಾರಿದ್ದು, ಗ್ರಹಗಳನ್ನೆಲ್ಲ ದಾಟಿ ಹೋಗಿದೆ. ಅದರ ವಿದ್ಯುತ್ತು ಕುಗ್ಗುತ್ತಿದೆ. ಹೀಟರು, ಉಪಕರಣ ಒಂದೊಂದಾಗಿ ಆರಿಸುತ್ತ ಬಂದಿದ್ದಾರೆ. ಆದರೂ ಮಾತಾಡುತ್ತಲೇ ಇದೆಯಂತೆ. “ಅದಕ್ಕೆ ಊಟ ಬೇಡ, ಗಾಳಿ ಬೇಡ. ಅದು ಸತ್ತರೆ ಯಾರ ಮನೆಯಲ್ಲೂ ಅಳುವವರಿಲ್ಲ.”

ಅದನ್ನು ಹೇಳುವಾಗ ಅವನ ಕಣ್ಣು ನೋಡಿದೆ. ಅಳುವವನೊಬ್ಬ ಇಲ್ಲೇ ಇದ್ದಾನಲ್ಲ ಅನ್ನಿಸಿತು.

ನನ್ನ ತಮ್ಮ ಎದ್ದು ಅವನ ಕೈ ಕುಲುಕಿದ! “ಕರೆಕ್ಟ್ ಸಾರ್! ಮಿಷನ್ ಗೋ, ಮ್ಯಾನ್ ನೋ ಗೋ!”

ನಾನು ಕನ್ನಡದಲ್ಲಿ ನಗುಮುಖದಿಂದಲೇ ಹೇಳಿದೆ: “ಸುಮ್ಕಿರ್ಲಾ ಮೂದೇವಿ. ಬೆಕ್ಕಿನ್ ಒಲೆ ನೆನಪಿದ್ಯಾ?”

“ನೀನೇ ಕಣಕ್ಕ ಹೇಳಿದ್ದು, ಗಿರಾಕಿ ಹೇಳಿದ್ದಕ್ಕೆ ಹೂಂ ಅನ್ನು ಅಂತ.”

ಮೂಗಿನ ಕೋಣೆ

ಪರೀಕ್ಷೆ ಎರಡು ಬಗೆ. ಮೊದಲು ಯಂತ್ರ, ಆಮೇಲೆ ಮೂಗು. ಹೌದು, ಮನುಷ್ಯರ ಮೂಗು! ಮುಚ್ಚಿದ ಕೋಣೆಗೆ ಹೋಗುವ ವಸ್ತುವನ್ನೆಲ್ಲ ಮೊದಲು ಜನ ಮೂಸಿ ನೋಡುತ್ತಾರೆ. ಯಂತ್ರ ಸರಿ ಎಂದದ್ದೂ ತಿಂಗಳುಗಟ್ಟಲೆ ಮೂಗಿಗೆ ಬಡಿದರೆ ಮೇಲಿರುವವರಿಗೆ ತಲೆ ಕೆಡುತ್ತದಂತೆ. ಮೂಸುವವರು ಅಲ್ಲಿನ ನೌಕರರೇ: ಒಬ್ಬ ಗೇಟಿನವನು, ಲೆಕ್ಕದ ಕೋಣೆಯವರು, ಕ್ಯಾಂಟೀನಿನ ಅಡುಗೆಯಾಕೆ. ಅಂದು ಅವರಾರೂ ಸೆಂಟು ಹಾಕುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಕಾಫಿಯ ಊರಿನಲ್ಲಿ ಅದಕ್ಕಿಂತ ದೊಡ್ಡ ವ್ರತ ಇಲ್ಲ.

ಯೋನಾಸನ ಯಂತ್ರ ಗಾಳಿಯನ್ನು ಅಳೆದು, ವಿಷ ಏನೂ ಇಲ್ಲ, ಪಾಸ್ ಎಂದಿತು. ನನ್ನ ಎದೆ ಉಬ್ಬಿತು. ಆಮೇಲೆ ಗಾಜಿನ ಭರಣಿ ಮೂಗಿನಿಂದ ಮೂಗಿಗೆ ಹೋಯಿತು. ಗೇಟಿನವನು ಹುಬ್ಬೇರಿಸಿದ. ಲೆಕ್ಕದವರು ಮತ್ತೊಮ್ಮೆ ಮೂಸಿದರು. ಅಡುಗೆಯಾಕೆ ತಲೆಯಾಡಿಸಿದರು.

“ಸಿಹಿ ಇದೆ,” ಎಂದರು. “ಬೇಕರಿಯ ಹಾಗೆ. ಸ್ವಲ್ಪ ಎಣ್ಣೆ ಜಿಡ್ಡು.”

ವಾಸನೆ ಹೀರಬೇಕಾದ ಇದ್ದಿಲೇ ವಾಸನೆ ಬಿಡುತ್ತಿದೆ! ಉಲ್ರಿಕೆಯ ಮುಖ ಸಣ್ಣಗಾಯಿತು. ಫೇಲ್.

ಸಿದ್ದೇಶ ನನ್ನ ಕಿವಿಯಲ್ಲಿ, “ನೋಡಕ್ಕ, ಮಿಷನ್ ನಿನ್ ಕಡೆ ನಿಂತ್ಕಂತು. ಮನುಷ್ರೇ ಕೈ ಕೊಟ್ರು,” ಎಂದ.

ನಾನು ಭರಣಿ ಇಸಿದುಕೊಂಡು ಮೂಸಿದೆ. ಮೂಸಿದ್ದೇ ತಡ, ನಮ್ಮ ಮನೆಯ ಅಟ್ಟದ ಏಣಿ ಹತ್ತಿದ ಹಾಗಾಯಿತು. ಕೊಬ್ಬರಿ! ಬಟ್ಟೆಚೀಲದಲ್ಲಿ, ಕೊಬ್ಬರಿಯ ಹೊಟ್ಟೆಯೊಳಗೆ ಕೂತು ತಿಪಟೂರಿನಿಂದ ಬೆಂಗಳೂರಿನವರೆಗೆ ಬಂದ ಇದ್ದಿಲು ದಾರಿಯುದ್ದಕ್ಕೂ ತನ್ನ ಕೆಲಸ ಮಾಡಿತ್ತು. ಸುತ್ತಲಿದ್ದ ವಾಸನೆಯನ್ನೆಲ್ಲ ಹೀರಿ ಇಟ್ಟುಕೊಂಡಿತ್ತು. ಕೊಬ್ಬರಿಯನ್ನು ವಿಮಾನ ನಿಲ್ದಾಣದಲ್ಲಿ ತಡೆದರು. ಅದರ ವಾಸನೆ ಮಾತ್ರ ಟಿಕೇಟಿಲ್ಲದೆ ಜರ್ಮನಿ ಸೇರಿತ್ತು.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಉಲ್ರಿಕೆ ನಕ್ಕರು. ಆದರೆ ನಕ್ಕ ಮೇಲೂ, “ನಿಯಮ ಇದೆ. ಫೇಲಾದ ಮಾದರಿಯನ್ನು ಈ ಸುತ್ತಿನಲ್ಲಿ ಮತ್ತೆ ಪರೀಕ್ಷಿಸುವುದಿಲ್ಲ,” ಎಂದರು. ಮುಂದಿನ ಸುತ್ತು ಯಾವಾಗ ಎಂದರೆ, ಹಳೆಯ ನಿಲ್ದಾಣಕ್ಕೆ ಇನ್ನೊಂದು ಸುತ್ತೇ ಇಲ್ಲ.

ಮಳೆಯಲ್ಲಿ ಕೆಂಪು ದೀಪಕ್ಕೆ ನಿಂತ ಜನ ನೆನಪಾದರು. ಇಂಥವರನ್ನು ನಿಯಮ ಬಿಡಿ ಎಂದು ಕೇಳಬಾರದು. ನಿಯಮ ಇಟ್ಟುಕೊಂಡೇ ಕೊಡಬಹುದಾದ್ದನ್ನು ಕೇಳಬೇಕು.

“ಮೇಡಂ, ಫೇಲ್ ಅಂತಲೇ ಬರೆಯಿರಿ. ಅಳಿಸಬೇಡಿ. ಅದರ ಕೆಳಗೆ ಒಂದು ಸಾಲು ಖಾಲಿ ಬಿಡಿ. ಇದೇ ಇದ್ದಿಲನ್ನು ಕಾಯಿಸಿದರೆ ಹೀರಿದ್ದನ್ನು ಕಕ್ಕುತ್ತದೆ. ಕಕ್ಕಿದ ಮೇಲೆ ಮೂಸಿ, ಏನು ಕಂಡರೂ ಆ ಸಾಲಿನಲ್ಲಿ ಬರೆಯಿರಿ. ಇನ್ನೊಂದು ಮಾತು. ಒಂದು ಪ್ರಯಾಣದಲ್ಲಿ, ಬಟ್ಟೆಯ ಮರೆಯಿಂದ, ಇಷ್ಟು ಕೊಬ್ಬರಿ ಕುಡಿದಿರುವ ಇದ್ದಿಲು ನಿಮ್ಮ ನಿಲ್ದಾಣದ ಬೆವರನ್ನು ಬಿಟ್ಟೀತೇ? ಇದರ ಹಸಿವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಾಗದದಲ್ಲಿ ತೋರಿಸಲಿ?”

ಉಲ್ರಿಕೆ ಯೋನಾಸನನ್ನು ನೋಡಿದರು. ಓವನ್ ಅವನದು. ಅವನು ಭುಜ ಕುಣಿಸಿದ. “ಕೆಲವೇ ವರ್ಷದಲ್ಲಿ ಕೆಡವುವ ಹಳೆಯ ಡಬ್ಬ. ಅದಕ್ಕಾಗಿ ಇಷ್ಟು ಒದ್ದಾಟ ಯಾಕೆ?”

ಆಗ ನನ್ನ ತಮ್ಮ ಕುಂಟುತ್ತ ಮುಂದೆ ಬಂದ. ಮತ್ತೆ ಅವನ ಕೈ ಕುಲುಕುತ್ತಾನೇನೋ ಎಂದುಕೊಂಡೆ. ಈ ಸಲ ಅವನು ಇಂಗ್ಲಿಷಿಗೆ ಕೈ ಹಾಕಲಿಲ್ಲ. “ನಾನೇಳ್ತೀನಿ, ನೀನು ಅವ್ರಿಗೆ ತಿಳ್ಸು ಅಕ್ಕ,” ಎಂದ.

“ನಾನು ಮಿಷನ್ ಪಕ್ಷಾನೇ ಸಾರ್, ಇವತ್ತೂ ಅಷ್ಟೇ. ನಮ್ಮ ತೋಟದಾಗೆ ಮರ ಹತ್ತೋ ಮಿಷನ್ ಐತೆ, ನಾನೇ ತಂದಿದ್ದು. ಆದ್ರೆ ಅವತ್ತು ಆ ಮುದಿ ಮರದ್ ಮ್ಯಾಲೆ ನಾನಿದ್ದೆ. ಪಕ್ಕದ್ ಮರದಿಂದ ಹಾಯ್ಸಿದ್ ಹಗ್ಗ ನನ್ ಸೊಂಟಕ್ಕಿತ್ತು. ಕೆಳಗಡೆ ಹಿಡ್ಕಂಡಿದ್ದೋನು, ಹೆಂಗೂ ಕೆಲ್ಸ ಮುಗೀತಾ ಬಂತಲ್ಲ ಅಂತ, ಬೀಡಿ ಹಚ್ಚಕ್ಕೆ ಹಗ್ಗ ಬುಟ್ಟ. ಇನ್ಮುಂದೆ ಯಾರ್ನೂ ಹತ್ತಿಸ್ಬ್ಯಾಡಿ, ನಾನೂ ಅದ್ನೇ ಅನ್ನೋದು. ಆದ್ರೆ ಹತ್ತಿರೋನು ನೆಲಕ್ಕೆ ಕಾಲಿಡೋಗಂಟ ಹಗ್ಗ ಬುಡಬಾರ್ದು.”

ನಾನು ತಿಳಿಸಿದೆ. ಆ ಬೀಡಿಯ ವಿಷಯ ಅವನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಯೋನಾಸ್ ಅವನ ಕಾಲು ನೋಡಿದ. ಆಮೇಲೆ ಭರಣಿ ಎತ್ತಿಕೊಂಡ. “ಸೋಮವಾರ,” ಎಂದ.

ಭಾನುವಾರ: ಊರೇ ಬಾಗಿಲು ಹಾಕಿದಾಗ

ಓವನ್‌ನಲ್ಲಿ ಇದ್ದಿಲು ಬೇಯುತ್ತಿರಲಿ, ಅಷ್ಟರಲ್ಲಿ ಮನೆಗೆ ಏನಾದರೂ ಕೊಳ್ಳೋಣ ಎಂದು ಭಾನುವಾರ ಹೊರಟರೆ ಅಂಗಡಿಗಳೆಲ್ಲ ಮುಚ್ಚಿವೆ. ಭಾನುವಾರ ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ದೂರು ಕೊಡುತ್ತಾರಂತೆ. ವ್ಯಾಪಾರ ಮಾಡದ ಒಂದು ದಿನ ನನಗೆ ಜ್ವರ ಬಂದ ಹಾಗೆ.

ವೇಸರ್ ನದಿಯ ದಂಡೆಯಲ್ಲಿ ನಡೆದೆವು. ಸಿದ್ದೇಶ ಖಾಲಿ ಬಾಟಲಿ ಹೆಕ್ಕುತ್ತಿದ್ದ. ಅಲ್ಲಿ ಬಾಟಲಿಯನ್ನು ಅಂಗಡಿಯ ಹೊರಗಿರುವ ಯಂತ್ರದ ಬಾಯಿಗೆ ಹಾಕಿದರೆ ಚೀಟಿ ಕೊಡುತ್ತದೆ, ಅಂಗಡಿಯಲ್ಲಿ ಅದಕ್ಕೆ ಕಾಸು ಸಿಗುತ್ತದೆ. “ಚೌಕಾಸಿ ಮಾಡದಂಗೆ ಕಾಸು ಕೊಡೋ ಮಿಷನ್ನು! ನೀನೇ ಬ್ಯಾಡ ಕಣಕ್ಕ ಇಲ್ಲಿ,” ಎಂದು ನಗುತ್ತಿದ್ದ. ಮುಚ್ಚಿದ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಾಗ ಆ ನಗೆ ಇಳಿಯಿತು.

ಬೆಂಚಿನ ಮೇಲೆ ಕೂತಾಗ ಕೇಳಿದೆ, “ನಾಳೆ ಆಗದೆ ಹೋದ್ರೆ ಜರಡಿ ಹಿಡಿಯೋರಿಗೆಲ್ಲ ಏನ್ಲಾ ಹೇಳೋದು?”

“ಆಗ್ತದೆ. ಇದ್ದಿಲು ನಂದು. ಹದ ನನಗ್ಗೊತ್ತು.”

“ಮತ್ತೆ ಮನುಷ್ಯ ಹೋಗಬಾರ್ದು ಅಂತೀಯಲ್ಲ, ಆಗ್ಲೇಬೇಕು ಅಂತ ನಿನಗ್ಯಾಕೆ?”

“ಇವಾಗ ಅಲ್ಲಿರೋರು ನಂಗೆ ಕೆಟ್ಟೋರಾ? ಉಸಿರಾಡ್ಲಿ ಬುಡು, ಪಾಪ.”

ನನಗೂ ಅವತ್ತೇ ತೀರ್ಮಾನವಾಯಿತು. ಯಂತ್ರ ಮೊದಲು ಹೋಗಲಿ, ದೂರ ಹೋಗಲಿ, ವಾಪಸು ಬಾರದ ಕಡೆಗೂ ಹೋಗಲಿ. ಮನುಷ್ಯನನ್ನು ಕಳಿಸುವವರು ಮಾತ್ರ ಅವನು ಇಳಿಯುವವರೆಗಿನ ಗಾಳಿಯ ಏರ್ಪಾಟನ್ನೂ ಮಾಡಿ ಕಳಿಸಲಿ. ಇದರಲ್ಲಿ ನನ್ನ ವ್ಯಾಪಾರವೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ವ್ಯಾಪಾರವಿದೆ ಎಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ.

ಸೋಮವಾರ: ಏನೂ ಇಲ್ಲ

ಯಂತ್ರ ಪಾಸ್ ಎಂದಿತು. ಯಂತ್ರದ ಮಾತನ್ನು ನಾನು ಈ ಸಲ ಸಂಭ್ರಮಿಸಲು ಹೋಗಲಿಲ್ಲ.

ಅವರೇ ಮೂಗುಗಳು, ಅದೇ ಕ್ರಮ. ಗೇಟಿನವನು ಮೂಸಿ ಜರ್ಮನ್‌ನಲ್ಲಿ ಒಂದು ಪದ ಹೇಳಿದ. ಲೆಕ್ಕದವರೂ ಅದೇ ಪದ ಹೇಳಿದರು. ಅಡುಗೆಯಾಕೆ ಭರಣಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಮೂಸಿದರು. ಭರಣಿ ತಿರುಗಿಸಿ ಮತ್ತೆ ಮೂಸಿದರು. ನನ್ನ ಕಣ್ಣ ಮುಂದೆ ಬೆಕ್ಕು ಕುಲುಮೆಯೊಳಗೆ ಆಕಳಿಸುತ್ತ ಹೊರಳಾಡಿತು. ಸಿದ್ದೇಶ ನನ್ನ ಕೈ ಹಿಡಿದಿದ್ದ. ಆ ಹಿಡಿತಕ್ಕೆ ಬಳೆ ಒತ್ತಿ ಗುರುತಾಗಿತ್ತು.

ಅಡುಗೆಯಾಕೆ ಕಣ್ಣು ತೆರೆದು, ಸ್ವಲ್ಪ ನಿರಾಸೆಯಿಂದಲೇ ಎಂಬಂತೆ, ಅದೇ ಪದ ಹೇಳಿದರು.

“ಏನಂದರು?” ಎಂದೆ.

“ಏನೂ ಇಲ್ಲ,” ಎಂದರು ಉಲ್ರಿಕೆ. “ಏನೂ ವಾಸನೆ ಇಲ್ಲ ಅಂದರು.”

ನನ್ನ ಮಾಲನ್ನು ಜನ ಬಗೆಬಗೆಯಾಗಿ ಹೊಗಳಿದ್ದಾರೆ. ಅದರಲ್ಲಿ ಏನೂ ಇಲ್ಲ ಎಂದು ಹೊಗಳಿದ್ದು ಅದೇ ಮೊದಲು. ನಾನು ಅಡುಗೆಯಾಕೆಯನ್ನು ತಬ್ಬಿಕೊಂಡುಬಿಟ್ಟೆ. ಅಲ್ಲಿ ಯಾರೂ ಯಾರನ್ನೂ ಹಾಗೆ ತಬ್ಬುವುದಿಲ್ಲವಂತೆ. ಆಕೆ ಮೊದಲು ಮರದ ಹಾಗೆ ನಿಂತು, ಆಮೇಲೆ ಬೆನ್ನು ತಟ್ಟಿದರು. ಫೇಲ್ ಎಂದು ಬರೆದಿದ್ದ ಸಾಲಿನ ಕೆಳಗೆ, ಖಾಲಿ ಬಿಟ್ಟ ಜಾಗದಲ್ಲಿ, ಉಲ್ರಿಕೆ ‘ಕಾಯಿಸಿದ ಮೇಲೆ ವಾಸನೆಯಿಲ್ಲ, ಒಪ್ಪಿಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಹಳೆಯ ನಿಲ್ದಾಣ ಇಳಿಯುವವರೆಗಿನ ಇದ್ದಿಲು ನಮ್ಮದು!

ದರದ ವಿಷಯಕ್ಕೆ ಬಂದಾಗ ಉಲ್ರಿಕೆ ಒಂದೇ ಮಾತು ಎಂದರು. ನಾನು ಒಂದೇ ಗಂಟೆ ಕೊಡಿ ಎಂದೆ. ಅಷ್ಟು ಹೇಳಿದರೆ ಸಾಕು.

ಹೊರಡುವಾಗ ಯೋನಾಸ್ ಸಿದ್ದೇಶನಿಗೆ ಆ ದೂರದ ಹಳೆಯ ನೌಕೆಯ ಚಿತ್ರ ಕೊಟ್ಟ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. “ಮಿಷನ್ ಗೋ,” ಎಂದ ಯೋನಾಸ್. “ಮ್ಯಾನ್ ಕಮ್,” ಎಂದ ನನ್ನ ತಮ್ಮ, ಕೆಳಗೆ ಬೆರಳು ತೋರಿಸುತ್ತ.

ಮತ್ತೆ ತಿಪಟೂರು: ಹೋಗುವವರಿಗೆ ನಾಲ್ಕು ಮಾತು

ಜರ್ಮನಿಗೆ ಹೋಗುವವರು ಚಟ್ನಿಪುಡಿ ಒಯ್ಯಿರಿ, ಶನಿವಾರವೇ ಅಂಗಡಿ ಮುಗಿಸಿ, ಖಾಲಿ ರಸ್ತೆಯಲ್ಲೂ ದೀಪಕ್ಕೆ ನಿಲ್ಲಿ. ಅಜ್ಜಿಯರ ಕೊಡೆ ಚೂಪಾಗಿರುತ್ತದೆ. ಕೊಬ್ಬರಿ ಒಯ್ಯಬೇಡಿ, ಅಟ್ಟ ಹಾರುವುದಿಲ್ಲ. ಮಾದರಿಯನ್ನು ಡಬ್ಬಿಯಲ್ಲೇ ಇಡಿ. ಡಬ್ಬಿಯ ಭಾರ ಉಳಿಸಲು ಹೋಗಿ ನಾನು ಒಂದು ಆಕಾಶವನ್ನೇ ಕಳೆದುಕೊಳ್ಳುತ್ತಿದ್ದೆ. ಆಗಲ್ಲ ಎಂದವರ ಬಳಿ ನಿಯಮ ಮುರಿಯಿರಿ ಎಂದು ಗೋಗರೆಯಬೇಡಿ, ಒಂದು ಖಾಲಿ ಸಾಲು ಕೇಳಿ. ವ್ಯಾಪಾರಕ್ಕೆ ಹೋಗುವಾಗ ಜೊತೆಗೆ ನಿಮ್ಮ ಮಾತಿಗೆ ಹೂಂ ಎನ್ನುವವರನ್ನು ಕರೆದೊಯ್ಯಬೇಡಿ. ಎದುರು ಮಾತಾಡುವ ತಮ್ಮನಿದ್ದರೆ ಅವನ ಟಿಕೇಟನ್ನು ಮೊದಲು ತೆಗೆಸಿ.

ಹೊನ್ನವಳ್ಳಿ ಕಡೆಗೆ ಬಂದರೆ ನಮ್ಮ ಘಟಕಕ್ಕೂ ಬನ್ನಿ. ರಸ್ತೆಯಿಂದಲೇ ಈಗ ಎರಡು ಹೊಗೆ ಕಾಣುತ್ತದೆ. ಬೆಕ್ಕು ಮರಿಗಳ ಸಮೇತ ಆಫೀಸಿಗೆ ವರ್ಗವಾಗಿದೆ. ಈ ಮಳೆಗಾಲದಲ್ಲಿ ಜರಡಿಯ ಮುಂದೆ ಒಂದು ಜಾಗವೂ ಖಾಲಿ ಇಲ್ಲ. ಟೀ ಕುಡಿದು, ಎಲ್ಲ ನೋಡಿ, ಬೇಕಾದ್ದು ಕೇಳಿ. ಆದರೆ ಎರಡನೇ ಕುಲುಮೆಯ ಹತ್ತಿರ ಹೋಗುವಾಗ ಕೈ ತೊಳೆಯಿರಿ, ಜೇಬು ತೋರಿಸಿ. ಬಾಗಿಲಲ್ಲಿ ಸಿದ್ದೇಶ ಕೂತಿರುತ್ತಾನೆ, ಅವನ ತಲೆಯ ಮೇಲೆ ಬೋರ್ಡಿದೆ: ಒಳಗೆ ಕೊಬ್ಬರಿ ತರಬಾರದು. ಇಡೀ ತಿಪಟೂರು ಸೀಮೆಯಲ್ಲಿ ಇಂಥ ಬೋರ್ಡು ಇರುವುದು ನಮ್ಮಲ್ಲಿ ಮಾತ್ರ.